ಸೈಕಲ್ಲಿನಿಂದ ಇಳಿಯದ ಮಂಗಳವಾರ

ಮನೆಯಿಂದ ಶಾಲೆಗೆ ಹೋಗುವಷ್ಟರಲ್ಲಿ ನಾನು ಸೈಕಲ್ಲಿನಿಂದ ಒಂಬತ್ತು ಸಲ ಇಳಿಯುತ್ತೇನೆ. ಕಳೆದ ಮಂಗಳವಾರ ಶಾಲೆಯಿಂದ ಹೊರಟು ಮರಳುವವರೆಗೆ ಒಂದು ಸಲವೂ ಇಳಿಯಲಿಲ್ಲ. ಅದರಿಂದ ಒಬ್ಬ ಹುಡುಗಿಯ ಇಡೀ ವರ್ಷ ಹಾಳಾಗುವುದರಲ್ಲಿತ್ತು.

ಸೈಕಲ್ ಕೆಟ್ಟಿದೆಯೆಂದು ತಿಳಿಯಬೇಡಿ. ಚೈನು, ಬ್ರೇಕು ಎಲ್ಲ ಸರಿಯಾಗಿವೆ. ಇಳಿಯುವುದು ಹಿರಿಯರಿಗಾಗಿ. ನಮ್ಮ ಶಿಗ್ಗಾಂವದ ಪೇಟೆಯಲ್ಲಿ ಎದುರಿಗೆ ಹಿರಿಯರು ಕಂಡರೆ ಸೈಕಲ್ ಮೇಲಿದ್ದವರು ಇಳಿಯಬೇಕು, ನಾಲ್ಕು ಹೆಜ್ಜೆ ತಳ್ಳಿಕೊಂಡು ನಡೆಯಬೇಕು, ಅವರನ್ನು ದಾಟಿದ ಮೇಲೆ ಮತ್ತೆ ಹತ್ತಬೇಕು. ಗಂಡಸರಿಗೂ ಇದೇ ನಿಯಮ ಎನ್ನುತ್ತಾರೆ. (ನನ್ನ ತಮ್ಮ ಮಾತ್ರ ಸೀಟಿನಿಂದ ಅರ್ಧ ಎದ್ದು 'ನಮಸ್ಕಾರ್ರಿ' ಎಂದು ದಾಟಿಬಿಡುತ್ತಾನೆ. ಅವನ ಅವಸರವನ್ನು ಈವರೆಗೆ ಯಾರೂ ತಪ್ಪು ತಿಳಿದಿಲ್ಲ.)

ಧಾರವಾಡದಲ್ಲಿ ಓದುವಾಗ ನಾನು ಸೈಕಲ್ ಕಲಿತೆ. ಊರಿಗೆ ಮರಳಿ ಹೈಸ್ಕೂಲಿನಲ್ಲಿ ಕಲಿಸುವ ಕೆಲಸಕ್ಕೆ ಸೇರಿದಾಗ ಅಪ್ಪ ಒಂದೇ ಷರತ್ತು ಹಾಕಿದರು: ಹಿರಿಯರನ್ನು ಕಂಡರೆ ಇಳಿಯಬೇಕು. ಒಪ್ಪಿದೆ. ಒಮ್ಮೆ ಗಡಿಯಾರ ನೋಡಿಯೂ ಇದ್ದೇನೆ. ಹದಿನೆಂಟು ನಿಮಿಷದ ದಾರಿ. ಸೈಕಲ್ ಮೇಲಿರುವುದು ಹತ್ತು ನಿಮಿಷ. ಉಳಿದ ಎಂಟು ನಿಮಿಷ ಮರ್ಯಾದೆ.

ಮಂಗಳವಾರ ಎಸ್ಸೆಸ್ಸೆಲ್ಸಿಯ ಮೊದಲ ಪೇಪರು. ನನಗೆ ಡ್ಯೂಟಿ ಇರಲಿಲ್ಲ. ನಮ್ಮ ಹುಡುಗಿಯರಿಗೆ ಧೈರ್ಯ ಹೇಳಲೆಂದು ಶಾಲೆಯ ಗೇಟಿನ ಹತ್ತಿರ ನಿಂತಿದ್ದೆ. ಎಲ್ಲರೂ ಒಳಗೆ ಹೋದರು, ನೀಲವ್ವ ಹೋಗಲಿಲ್ಲ. ಅವಳು ಎರಡು ಮೈಲಿ ಆಚೆಯ ಹಳ್ಳಿಯಿಂದ ನಡೆದು ಬರುವ ಹುಡುಗಿ. ಅವರ ಮನೆಯಲ್ಲಿ ಇಷ್ಟರವರೆಗೆ ಓದಿದವರು ಇನ್ನಾರೂ ಇಲ್ಲ. ಈ ವರ್ಷ ಬರೆಯದಿದ್ದರೆ ಮುಂದಿನ ವರ್ಷ ಯಾರೂ ಶಾಲೆಗೆ ಕಳಿಸುವುದಿಲ್ಲ ಎಂದು ಅವಳೇ ನನಗೆ ಹೇಳಿದ್ದಳು. ವರ ನೋಡುವುದು ಆಗಲೇ ಶುರುವಾಗಿತ್ತು.

"ಹಾಲ್ ಟಿಕೀಟ ದೇವರ ಮುಂದ ಇಟ್ಟಿದ್ನಿರಿ, ಅಕ್ಕೋರ," ಎಂದಳು. "ಕೈ ಮುಗದು ಹಂಗ ಬಂದಬಿಟ್ಟೆ."

ಪರೀಕ್ಷೆ ನಡೆಸಲು ಬೇರೆ ಊರಿನಿಂದ ಬಂದಿದ್ದ ಮೇಲ್ವಿಚಾರಕರು ಕೆಟ್ಟವರಲ್ಲ. ಟಿಕೆಟ್ ಇಲ್ಲದೆ ಒಳಗೆ ಬಿಡುವ ಅಧಿಕಾರ ತಮಗಿಲ್ಲ, ಹನ್ನೊಂದಕ್ಕೆ ಬಾಗಿಲು ಹಾಕುವುದು ಮಾತ್ರ ತಮ್ಮ ಕೈಯಲ್ಲಿದೆ ಎಂದರು. ಆಗ ಹತ್ತು ಗಂಟೆ ಹತ್ತು ನಿಮಿಷ. ಮನೆಯಲ್ಲಿ ಅವ್ವ ಒಬ್ಬಳೇ, ಅಜ್ಜ ಬೆಳಕು ಹರಿಯುವ ಮೊದಲೇ ಹೊಲಕ್ಕೆ ಹೋಗಿದ್ದಾನೆ ಎಂದಳು ನೀಲವ್ವ. ಹಾಗಾದರೆ ಯಾರು ತರಬೇಕು?

ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿದೆ. ಸೆರಗು ಸೊಂಟಕ್ಕೆ ಬಿಗಿದೆ. ಹತ್ತಿದೆ.

ಈಗ ಮೆಣಸಿನಕಾಯಿಯ ಸುಗ್ಗಿ. ಪೇಟೆಯ ತುಂಬ ಎತ್ತಿನ ಚಕ್ಕಡಿಗಳು. ಅವುಗಳ ನಡುವೆ ಪುಣೆ–ಬೆಂಗಳೂರು ರಸ್ತೆಯ ಲಾರಿಗಳು ಹಾರ್ನ್ ಹೊಡೆಯುತ್ತ ನುಗ್ಗುತ್ತವೆ. ರೈತರ ಮಾಲನ್ನು ದಲಾಲಿಗೆ ಮಾರಿಸಿಕೊಡುವ ಅಡತಿ ಅಂಗಡಿಯ ಮುಂದೆ ದಿನವೂ ಕೂಡುವ ಮೂವರು ಹಿರಿಯರು ಅಂದೂ ಕೂತಿದ್ದರು. ಮಧ್ಯದಲ್ಲಿದ್ದವರು ಅಂಗಡಿಯ ಮಾಲೀಕರು, ಅಪ್ಪನ ಹಳೆಯ ಸ್ನೇಹಿತರು. ನಾನು ಅವರನ್ನು ಕಾಕಾ ಎನ್ನುತ್ತೇನೆ. ಅವರ ಮುಂದೆಯೂ ಇಳಿಯಲಿಲ್ಲ. ಬೈಗುಳ ಕೇಳಿಸಲಿಲ್ಲ, ಮಾತು ನಿಂತದ್ದು ಕೇಳಿಸಿತು. ಬೈದಿದ್ದರೇ ವಾಸಿಯಿತ್ತು.

ಊರು ದಾಟಿದೆ. ಹೆದ್ದಾರಿ ಬಿಟ್ಟು ಹಳ್ಳಿಯ ದಾರಿಗೆ ತಿರುಗಿ ಅರ್ಧ ಮೈಲಿ ಹೋದ ಮೇಲೆ ಎದುರಿಗೆ ಒಬ್ಬ ಮುದುಕರು ಬಂದರು. ಕೆಂಪು ರುಮಾಲು, ಬಗಲಲ್ಲಿ ಛತ್ರಿ. ನನ್ನನ್ನು ಕಂಡೊಡನೆ ದಾರಿಯ ನಡುವೆ ನಿಂತು ಕೈ ಎತ್ತಿದರು.

ಇಲ್ಲಿಯೂ ಒಬ್ಬರು ಬಂದರಲ್ಲ ಎಂದುಕೊಂಡೆ. ಇವರಿಗೆ ಇಳಿದರೆ ಒಂದು ನಿಮಿಷ. ಆ ಒಂದು ನಿಮಿಷ ನನ್ನದಲ್ಲ, ನೀಲವ್ವನದು. ದಾರಿಯ ಅಂಚಿಗೆ ಸೈಕಲ್ ಹೊರಳಿಸಿದೆ. ಮುದುಕರು ಸರಿಯಲಿಲ್ಲ. ಬೆಲ್ ಹೊಡೆದೆ. (ಹೌದು, ಹಿರಿಯರಿಗೆ ಬೆಲ್ ಹೊಡೆದೆ. ಬರೆಯುವಾಗಲೂ ನಾಚಿಕೆಯಾಗುತ್ತದೆ.) ಅವರು ಹಿಂದೆ ಸರಿದರು. ಏನೋ ಕೂಗಿದರು. ನಾನು ತಿರುಗಿ ನೋಡಲಿಲ್ಲ.

ನೀಲವ್ವನ ಅವ್ವ ಬಾಗಿಲಲ್ಲೇ ನಿಂತಿದ್ದಳು. ನನ್ನನ್ನು ಕಂಡು ಗಾಬರಿಯಾದಳು.

"ನಮ್ಮ ಮಾವಾರು ಹೊಲದಿಂದ ಬಂದವರ ಟಿಕೀಟ ನೋಡಿ, ಆಗಲೇ ತಗೊಂಡು ಹ್ವಾದ್ರಲ್ರಿ. ದಾರ್ಯಾಗ ಸಿಗಲಿಲ್ಲೇನ್ರಿ?"

ಹೇಗಿದ್ದಾರೆ ಎಂದು ಕೇಳಬೇಕಾಗಿರಲಿಲ್ಲ. ಆದರೂ ಕೇಳಿದೆ. ಕೆಂಪು ರುಮಾಲು ಎಂದಳು. ಸೈಕಲ್ ಮೇಲಿನ ಅಕ್ಕೋರು ಯಾರೆಂದು ಅವರಿಗೆ ಗೊತ್ತಿತ್ತು, ನನಗೇ ಅವರು ಗೊತ್ತಿರಲಿಲ್ಲ.

ಹತ್ತು ಇಪ್ಪತ್ತೆಂಟು.

ತಿರುಗಿ ಹೊರಟೆ. ಅವರನ್ನು ಬಿಟ್ಟುಬಂದ ಜಾಗದಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ಮುಂದೆ ದಾರಿ ಎರಡಾಗುತ್ತದೆ. ಒಂದು ಹೆದ್ದಾರಿಗೆ ಸೇರುವ ಚಕ್ಕಡಿ ದಾರಿ. ಇನ್ನೊಂದು ಹೊಲಗಳ ಬದುವಿನ ಮೇಲೆ ಊರಿಗೆ ಹೋಗುವ ಕಾಲುದಾರಿ. ನಡೆಯುವವರಿಗೆ ಕಾಲುದಾರಿಯೇ ಹತ್ತಿರ, ಆದರೆ ಅದರಲ್ಲಿ ಸೈಕಲ್ ಹೋಗುವುದಿಲ್ಲ. ಅವರು ಯಾವುದರಲ್ಲಿ ಹೋದರು? ನಾನು ಒಂದನ್ನು ಹಿಡಿದು ಅವರು ಇನ್ನೊಂದನ್ನು ಹಿಡಿದಿದ್ದರೆ? ಬಿಸಿಲಲ್ಲಿ ನಿಂತುಬಿಟ್ಟೆ. ನಿಂತ ಪ್ರತಿ ಗಳಿಗೆಯೂ ತಪ್ಪೆಂದು ಗೊತ್ತಿತ್ತು, ಹೊರಟರೂ ತಪ್ಪಾಗಬಹುದಿತ್ತು.

ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸನ್ನು ಕೂಗಿ ಕೇಳಿದೆ. ಅವಳು ಕುಡುಗೋಲಿನಿಂದಲೇ ಹೆದ್ದಾರಿಯ ಕಡೆ ತೋರಿಸಿದಳು.

ಹೆದ್ದಾರಿಯ ಅಂಚಿನಲ್ಲಿ ಸಿಕ್ಕರು. ದಾಟಲಾಗದೆ ನಿಂತಿದ್ದರು. ಮತ್ತೆ ಹಾಗೆಯೇ ಕೈ ಎತ್ತಿದ್ದರು, ಈಗ ಲಾರಿಗಳಿಗೆ. ಯಾವ ಲಾರಿಯೂ ನಿಲ್ಲಲಿಲ್ಲ. ನಾನೂ ಒಂದು ಲಾರಿಯೇ ಆಗಿದ್ದೆನಲ್ಲವೇ?

ಬ್ರೇಕ್ ಹಿಡಿದು ಇಳಿಯಹೋದೆ. ಅವರು ಹ್ಯಾಂಡಲ್ ಹಿಡಿದರು.

"ಇಳೀಬ್ಯಾಡ್ರಿ, ಅಕ್ಕೋರ. ಹಿಡೀರಿ ಇದನ್ನ. ಹೋಗ್ರಿ."

ಅರಿವೆಯಲ್ಲಿ ಸುತ್ತಿದ್ದ ಹಾಲ್ ಟಿಕೆಟ್ಟನ್ನು ನನ್ನ ಕೈಗೆ ಕೊಟ್ಟರು. ಅದರ ಮೂಲೆಗೆ ಕುಂಕುಮ ಹತ್ತಿತ್ತು. ಹತ್ತು ನಲವತ್ತೆರಡು.

ಪೇಟೆಯಲ್ಲಿ ಎರಡು ಚಕ್ಕಡಿಗಳು ಒಂದಕ್ಕೊಂದು ಗಾಲಿ ಸಿಕ್ಕಿಸಿಕೊಂಡು ನಿಂತಿದ್ದವು. ಎತ್ತುಗಳನ್ನು ಹಿಂದೆ ಸರಿಸುವವರೆಗೆ ಆರು ನಿಮಿಷ ಹೋಯಿತು. ಮೂಟೆಗಳ ಖಾರದ ಘಾಟಿಗೆ ಕಣ್ಣಲ್ಲಿ ನೀರು. (ಘಾಟಿಗೇ ಎಂದು ಇಟ್ಟುಕೊಳ್ಳೋಣ.) ದಾರಿ ಬಿಟ್ಟಿತು ಎನ್ನುವಷ್ಟರಲ್ಲಿ ಕಾಕಾ ಅಂಗಡಿಯ ಕಟ್ಟೆ ಇಳಿದು ಬಂದು ನೇರವಾಗಿ ನನ್ನ ಸೈಕಲ್ಲಿನ ಮುಂದಿನ ಗಾಲಿಗೆ ಅಡ್ಡ ನಿಂತರು.

"ಏನವಾ, ನಾವು ಕಣ್ಣಿಗೆ ಕಾಣಸೂದಿಲ್ಲೇನು? ಧಾರವಾಡದಾಗ ಇದನ್ನ ಕಲಿಸ್ಯಾರೇನು?"

ಒಂದು ಕಾಲನ್ನು ನೆಲಕ್ಕೆ ಊರಿದೆ. ಸೀಟು ಬಿಡಲಿಲ್ಲ. ಪೇಟೆ ನೋಡುತ್ತಿತ್ತು.

"ಪರೀಕ್ಷಾ ಐತ್ರಿ, ಕಾಕಾ. ದಾರಿ ಬಿಡ್ರಿ."

"ನಿಮ್ಮಪ್ಪಗ ಹೇಳ್ತೇನಿ ನೋಡು."

"ಹೇಳ್ರಿ," ಎಂದೆ.

ಹಾಗೆ ನಾನು ಮನೆಯಲ್ಲಿಯೂ ಯಾರಿಗೂ ಎದುರಾಡಿದವಳಲ್ಲ. ಕಾಕಾ ಬೆರಗಾಗಿ ಸರಿದರೋ ಸಿಟ್ಟಾಗಿ ಸರಿದರೋ ತಿಳಿಯದು. ಸರಿದರು.

ಗೇಟು ಮುಟ್ಟಿದಾಗ ಹನ್ನೊಂದಕ್ಕೆ ಮೂರು ನಿಮಿಷ. ನೀಲವ್ವ ಟಿಕೆಟ್ ಕಸಿದುಕೊಂಡು ಓಡಿದಳು.

ಎಷ್ಟೋ ಹೊತ್ತಿನ ಮೇಲೆ ಅಜ್ಜ ಬಂದು ಮುಟ್ಟಿದರು. ಹುಡುಗಿ ಒಳಗೆ ಹೋದಳೋ ಇಲ್ಲವೋ ಎಂದು ಮೊದಲು ಕೇಳಿದರು. ಹೋದಳು ಎಂದೆ. ಬೇವಿನ ನೆರಳಲ್ಲಿ ಕೂತು ರುಮಾಲು ಬಿಚ್ಚಿ ಮುಖ ಒರೆಸಿಕೊಂಡರು. ನಾನು ಕ್ಷಮೆ ಕೇಳಿದೆ.

"ಬೆಲ್ ಚಲೋ ಐತ್ರಿ ನಿಮ್ದು," ಎಂದರು. "ನನ್ನ ಕಿವುಡ ಕಿವಿಗೂ ಕೇಳಸ್ತು."

ಅವರು ನಕ್ಕರು. ನನಗೆ ನಗಲಾಗಲಿಲ್ಲ. ವರ್ಷದಿಂದ ನಾನು ಇಳಿಯುತ್ತಿದ್ದದ್ದು ಯಾರಿಗೆ? ಇಳಿದಾಗಲೆಲ್ಲ ತಲೆ ತಗ್ಗಿಸಿರುತ್ತೇನೆ. ಒಬ್ಬರ ಮುಖವನ್ನೂ ಸರಿಯಾಗಿ ನೋಡಿಲ್ಲ. ಎತ್ತಿದ ಕೈಯೆಂದರೆ ಅಧಿಕಾರದ ಕೈ ಎಂದೇ ರೂಢಿಯಾಗಿಬಿಟ್ಟಿದೆ. ಒಬ್ಬ ಮನುಷ್ಯ ನನಗೆ ಏನನ್ನೋ ಕೊಡಲು ಕೈ ಎತ್ತಿರಬಹುದು ಎಂದು ಹೊಳೆಯಲೇ ಇಲ್ಲ. ಇದನ್ನು ಮರ್ಯಾದೆ ಎನ್ನುವುದೇ?

ಸಂಜೆ ಅಡತಿ ಅಂಗಡಿಯ ಮೂವರೂ ನಮ್ಮ ಮನೆಗೆ ಬಂದರು. ಪಡಸಾಲೆಯಲ್ಲಿ ಕೂತರು. ಅವ್ವ ಚಹಾ ಕೊಟ್ಟಳು. ಹುಡುಗಿಯರಿಗೆ ಸೈಕಲ್ ಕೊಟ್ಟರೆ ಹೀಗೇ, ಬಿಡಿಸುವುದೇ ವಾಸಿ ಎಂದು ಕಾಕಾ ಹೇಳಿದರು. ಅಪ್ಪ ನನ್ನನ್ನು ಕರೆದು, ಏನಾಯಿತು ಹೇಳು ಎಂದರು. ನಮ್ಮ ಶಾಲೆಯ ಹುಡುಗಿಯೊಬ್ಬಳು ಹಾಲ್ ಟಿಕೆಟ್ ಮನೆಯಲ್ಲಿ ಬಿಟ್ಟು ಬಂದಿದ್ದಳು, ಹನ್ನೊಂದರೊಳಗೆ ತರಬೇಕಿತ್ತು, ಇಳಿಯದ್ದು ತಪ್ಪಾಯಿತು ಎಂದೆ. ಅಷ್ಟೇ ಹೇಳಿದೆ. ಮುಂದಿನದನ್ನು ಕೇಳಿದರೆ ಹೇಳೋಣವೆಂದು ಅಲ್ಲಿಯೇ ನಿಂತೆ.

ಅವರು ತಮ್ಮ ಕಾಲದ ನಡತೆಯ ಬಗ್ಗೆ ಮಾತಾಡಿದರು. ಚಹಾ ಮುಗಿಯಿತು, ಎಲೆಅಡಿಕೆಯೂ ಮುಗಿಯಿತು. ಅಪ್ಪ ಬಾಗಿಲವರೆಗೆ ಹೋಗಿ ಕಳಿಸಿ ಬಂದರು.

ಆ ಹುಡುಗಿ ಪರೀಕ್ಷೆಗೆ ಕುಳಿತಳೇ ಎಂದು ಮೂವರಲ್ಲಿ ಒಬ್ಬರೂ ಕೇಳಲಿಲ್ಲ.