ಲಸಿಕೆ ಹಾಕದ ಕರು

೧೯೬೩ರಲ್ಲಿ ನಾನು ಹಳಿಯಾಳದ ಪಶುವೈದ್ಯ ಆಸ್ಪತ್ರೆಯಿಂದ ಎರವಲು ಸೇವೆಯ ಮೇಲೆ ಮುಂಡಗೋಡ ತಾಲೂಕಿಗೆ ಹೋದೆ. ಜೊಯಿಡಾದ ಕಾಡಿನಲ್ಲಿ ಎಮ್ಮೆಗಳ ಹಿಂದೆ, ದಾಂಡೇಲಿಯಲ್ಲಿ ದಿಮ್ಮಿ ಎಳೆಯುವ ಕೋಣಗಳ ಹಿಂದೆ ಅಲೆದು ಬೂಟು ಸವೆಸಿದ್ದ ನನಗೆ ಸಂಶೋಧನೆ ಎಂಬ ಮಾತೇ ಹಬ್ಬದ ಊಟದಂತೆ ಕೇಳಿಸಿತ್ತು. ಚಿಗಳ್ಳಿಯಿಂದ ಆಚೆ ಒಂದು ಸಣ್ಣ ಊರು, ಅದರ ಕೆರೆ, ದಂಡೆಯ ಮೇಲೆ ಹೆಂಚಿನ ಕೋಣೆ, ಅದರೊಳಗೊಂದು ಮೈಕ್ರೋಸ್ಕೋಪು. ಇಷ್ಟೇ ನಮ್ಮ ಪ್ರಯೋಗಶಾಲೆ. ಜೊತೆಗೆ ಹಳಿಯಾಳ ಕಡೆಯ ಡ್ರೆಸ್ಸರ್ ಬಸ್ತ್ಯಾಂವ್ ಸಿದ್ದಿ. ನಾನು ಕನಸು ಕಾಣುವ ಜಾತಿ, ಅವನು ಅದನ್ನು ನೋಡಿ ನಗುವ ಜಾತಿ. ಹಾಗಾಗಿ ಚೆನ್ನಾಗಿ ಹೊಂದಿಕೊಂಡಿತು.

ಆ ಊರಿನ ದನಗಳು ಎಚ್ಚರವಿದ್ದಾಗಲೂ ಗೊರಕೆ ಹೊಡೆಯುತ್ತಿದ್ದವು. ಮಧ್ಯಾಹ್ನ ಹುಣಸೆ ಮರಗಳ ನೆರಳಲ್ಲಿ ಅವು ಮೆಲುಕು ಹಾಕುತ್ತ ಮಲಗಿದರೆ ಇಡೀ ಊರೇ ನಿದ್ದೆಯಲ್ಲಿ ಉಸಿರಾಡುತ್ತಿರುವಂತೆ ಅನಿಸುತ್ತಿತ್ತು. ಕೇಳಲು ಇಂಪಾದರೂ ಅದು ಕಾಯಿಲೆಯ ಸದ್ದು. ಊರವರು ಗೊರಕಿ ಬ್ಯಾನಿ ಎನ್ನುತ್ತಿದ್ದುದನ್ನು ನಮ್ಮ ಪುಸ್ತಕಗಳು ನೇಸಲ್ ಶಿಸ್ಟೊಸೋಮಿಯಾಸಿಸ್ ಎನ್ನುತ್ತವೆ. ದನದ ಮೂಗಿನ ರಕ್ತನಾಳದಲ್ಲಿ ಒಂದು ಸಣ್ಣ ಹುಳ ಮನೆ ಮಾಡುತ್ತದೆ. ಮೂಗಿನೊಳಗೆ ಗಂಟುಗಳೆದ್ದು ಉಸಿರು ಕಟ್ಟುತ್ತದೆ. ಸಿಂಬಳದ ಜೊತೆ ಮೊಟ್ಟೆ ಕೆರೆಗೆ ಬಿದ್ದು, ಒಡೆದು ಹೊರಬಂದ ಮರಿಯು ಬಸವನಹುಳುವಿನ ಹೊಟ್ಟೆ ಸೇರಿ, ಅಲ್ಲಿ ಸಾವಿರವಾಗಿ ಮತ್ತೆ ನೀರಿಗೆ ಬರುತ್ತದೆ. ನೀರಿನಲ್ಲಿ ನಿಂತ ದನದ ಚರ್ಮವನ್ನು ಕೊರೆದು ಒಳಗೆ ಹೋಗುತ್ತದೆ. ಮನುಷ್ಯನ ಚರ್ಮಕ್ಕೂ ನುಗ್ಗುತ್ತದೆ; ಅಲ್ಲಿ ಬೆಳೆಯಲಾರದೆ ಸತ್ತರೂ ಹೋಗುವಾಗ ಕೆಂಪು ದದ್ದು, ತಡೆಯಲಾಗದ ತುರಿಕೆ ಬಿಟ್ಟು ಹೋಗುತ್ತದೆ. ಬಸವನಹುಳು ಹೆಕ್ಕಲು ನೀರಿಗಿಳಿದ ಬಸ್ತ್ಯಾಂವ್ ಮೊಣಕಾಲವರೆಗೂ ಕೆರೆದುಕೊಳ್ಳುತ್ತ ಹೇಳಿದ್ದ: "ಈ ಹುಳಕ್ಕ ದನ ಯಾವ್ದು, ಮನಷ್ಯಾ ಯಾವ್ದು ಅಂತ ಗೊತ್ತಾಗಂಗಿಲ್ರೀ ಸಾಹೇಬ್ರ. ನನ್ನ ಮೂಗಿಗಿ ಒಂದು ಬಂದಿಲ್ಲ ನೋಡ್ರಿ."

ನಮ್ಮ ಕೆಲಸ ಲಸಿಕೆ ಮಾಡುವುದು. ಮರಿಹುಳಗಳಿಗೆ ಎಕ್ಸ್-ರೇ ಕಿರಣ ಹಾಯಿಸಿದರೆ ಅವು ಸಾಯುವುದಿಲ್ಲ, ಬೆಳೆಯುವುದೂ ಇಲ್ಲ. ಅಂಥವನ್ನು ಕರುವಿನ ಚರ್ಮದೊಳಗೆ ಬಿಟ್ಟರೆ ದೇಹ ಶತ್ರುವಿನ ಗುರುತು ಹಿಡಿದು ತಯಾರಾಗುತ್ತದೆ ಎಂಬುದು ಆಗಿನ ಆಸೆ. ಬೆಳಿಗ್ಗೆ ಬಸವನಹುಳುಗಳನ್ನು ಗಾಜಿನ ಬಟ್ಟಲುಗಳಲ್ಲಿಟ್ಟು ಬಿಸಿಲಿಗೆ ಇಡುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಬರಿಗಣ್ಣಿಗೆ ಕಂಡೂ ಕಾಣದಂತೆ ಮರಿಹುಳಗಳು ಬಿಳಿಯ ಧೂಳಿನಂತೆ ನೀರಿನಲ್ಲಿ ಎದ್ದು ಕುಣಿಯುತ್ತಿದ್ದವು. ಕೆರೆಯ ಮೇಲಿನ ಮಂಜು ಇನ್ನೂ ಕರಗಿರುತ್ತಿರಲಿಲ್ಲ. ಆ ಬೆಳಕು ತುಂಬಿದ ಬಟ್ಟಲನ್ನು ಕಣ್ಣೆತ್ತರಕ್ಕೆ ಹಿಡಿದು ನಾನು ಎಲ್ಲೋ ಕಳೆದುಹೋಗುತ್ತಿದ್ದೆ. ಗೊರಕೆಯಿಲ್ಲದ ಊರು, ತುರಿಕೆಯಿಲ್ಲದ ಕಾಲು, ಮೈಸೂರು ರಾಜ್ಯದಾದ್ಯಂತ ನನ್ನ ಲಸಿಕೆ!

"ಕನಸು ಮುಗೀತೇನ್ರಿ? ಜೀಪು ಕಾಯಾಕ್ಹತ್ತೈತಿ," ಎಂದು ಬಸ್ತ್ಯಾಂವ್ ಎಚ್ಚರಿಸುತ್ತಿದ್ದ. ಆ ಮರಿಹುಳಗಳಿಗೆ ಆಯುಷ್ಯ ಒಂದೇ ದಿನ. ಹುಬ್ಬಳ್ಳಿಯ ಆಸ್ಪತ್ರೆಯೊಂದರ ಎಕ್ಸ್-ರೇ ಯಂತ್ರದ ಕೆಳಗೆ ಇಟ್ಟು, ಸಂಜೆಯೊಳಗೆ ಊರಿಗೆ ತಂದು ಕರುಗಳ ಮೈಗೆ ಹಾಕಬೇಕಾಗಿತ್ತು.

ಪ್ರಯೋಗಕ್ಕೆ ನಾನು ಆರಿಸಿದ್ದು ಆರು ಮನೆಗಳ ಆರು ಜೋಡಿ ಹೋರಿಗರುಗಳನ್ನು. ಮುಂದೆ ಒಂದೇ ನೊಗಕ್ಕೆ ಕಟ್ಟಲೆಂದು ಸಾಕಿದವು; ವಯಸ್ಸು ಒಂದೇ, ಮೇವು ಒಂದೇ, ಕೊಟ್ಟಿಗೆ ಒಂದೇ. ಜೋಡಿಯಲ್ಲಿ ಒಂದಕ್ಕೆ ಲಸಿಕೆ, ಇನ್ನೊಂದಕ್ಕೆ ಇಲ್ಲ. ಎರಡೂ ಒಂದೇ ಕೆರೆಗೆ ಇಳಿಯಬೇಕು. ಆಗ ಲಸಿಕೆಯ ಗುಣ ತಾನಾಗಿ ಗೊತ್ತಾಗುತ್ತದೆ. ಇದಕ್ಕಿಂತ ಅಚ್ಚುಕಟ್ಟಾದ ಹೋಲಿಕೆ ಎಲ್ಲಿ ಸಿಕ್ಕೀತು ಎಂದು ನಾನು ಬೀಗಿದ್ದೆ.

ಅವುಗಳಲ್ಲಿ ಒಂದು ಜೋಡಿ ಗುರವ್ವನದು. ಗಂಡ ತೀರಿಕೊಂಡ ಮೇಲೆ ಗದ್ದೆಯನ್ನು ತಾನೇ ನೋಡಿಕೊಳ್ಳುತ್ತಿದ್ದವಳು, ಹಣೆ ತುಂಬ ವಿಭೂತಿ, ಮಾತು ಕಡಿಮೆ. ಅವಳ ಹಳೆಯ ಎತ್ತುಗಳಲ್ಲಿ ಒಂದು ಗೊರಕೆ ಬೇನೆಗೆ ಸಿಕ್ಕಿ ನೊಗ ಎಳೆಯಲಾರದೆ ನಿಂತಿತ್ತು. ಕೆಂಚ, ಬೆಳ್ಯ ಎಂಬ ಈ ಕರುಗಳು ನೊಗಕ್ಕೆ ಬಂದರೆ ಉಳುಮೆ, ಇಲ್ಲದಿದ್ದರೆ ಗದ್ದೆಯನ್ನು ಬೇರೆಯವರಿಗೆ ಬಿಡಬೇಕು. ದೀಪಾವಳಿ ಕಳೆದ ಮೇಲೊಂದು ಸಂಜೆ ಕೆಂಚನ ಕಿವಿಯ ಬುಡ ಬೋಳಿಸಿ, ಲಸಿಕೆಯ ನೀರನ್ನು ಹನಿ ಹನಿಯಾಗಿ ಬಿಟ್ಟೆ. ಗುರವ್ವ ಬೆಳ್ಯನ ಹಗ್ಗ ಹಿಡಿದು ಮುಂದೆ ತಂದಳು.

"ಇದಕ್ಕ ಇಲ್ಲವ್ವಾ," ಎಂದೆ.

"ಯಾಕ್ರೀ? ಇದೇನ್ ಪಾಪ ಮಾಡೈತಿ?"

ಹೋಲಿಕೆಯ ವಿಷಯ ವಿವರಿಸಿದೆ. ಎರಡನ್ನೂ ಎಂದಿನಂತೆ ಕೆರೆಗೆ ಬಿಡಬೇಕು ಎಂದೂ ಹೇಳಿದೆ. "ಆತು ಬಿಡ್ರಿ," ಎಂದು ಬೆಳ್ಯನ ಕುತ್ತಿಗೆಯ ಗಂಗೆದೊಗಲು ಸವರುತ್ತ ಹೊರಟುಹೋದಳು. ಆ ಸೀಮೆಯಲ್ಲಿ ಜೋಡಿಗೆ ಭೇದ ಮಾಡುವುದಿಲ್ಲ. ಒಂದಕ್ಕೆ ಹಿಂಡಿ ಇಟ್ಟರೆ ಇನ್ನೊಂದಕ್ಕೂ ಇಡಬೇಕು, ಒಂದರ ಮೈ ತೊಳೆದರೆ ಇನ್ನೊಂದರದೂ ತೊಳೆಯಬೇಕು. ಇಲ್ಲವಾದರೆ ನಾಳೆ ನೊಗದಲ್ಲಿ ಸಮನಾಗಿ ನಡೆಯುವುದಿಲ್ಲ ಎಂಬ ನಂಬಿಕೆ. ಇದು ನನಗೆ ಗೊತ್ತಿತ್ತು. ಜೋಡಿಗಳನ್ನು ಆರಿಸಲು ಅದೂ ಒಂದು ಕಾರಣವಾಗಿತ್ತು.

ಯುಗಾದಿಯ ಹೊತ್ತಿಗೆ ಹನ್ನೆರಡೂ ಕರುಗಳ ಮೂಗಿನ ಸಿಂಬಳ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಲಸಿಕೆ ಹಾಕಿದ ಆರರಲ್ಲಿ ನಾಲ್ಕರ ಮೂಗಿನಲ್ಲಿ ಕುಡುಗೋಲಿನಂತೆ ಬಾಗಿದ ಮೊಟ್ಟೆಗಳು. ಲಸಿಕೆ ಹಾಕದ ಆರರಲ್ಲಿ ಒಂದೂ ಇಲ್ಲ. ಮತ್ತೆ ನೋಡಿದೆ, ಬಸ್ತ್ಯಾಂವ್‌ನಿಗೂ ತೋರಿಸಿದೆ. ಅವನು ನಗಲಿಲ್ಲ. ಕಿರಣ ಸಾಲದೆ ಹೋಯಿತೇ? ನಾನೇ ಹನಿ ಹನಿಯಾಗಿ ಕಾಯಿಲೆ ಹಾಕಿದೆನೇ? ಹೊರಗೆ ಹುಣಸೆ ನೆರಳಿನ ಗೊರಕೆ ಅಂದು ನನಗೆ ಇಂಪಾಗಿ ಕೇಳಲಿಲ್ಲ.

ಧಾರವಾಡದಲ್ಲಿ ನಮ್ಮ ಇಲಾಖೆಯವರು ಕಟ್ಟಿ ಸಾಕಿದ್ದ, ಕೆರೆಯನ್ನೇ ಕಾಣದ ಎರಡು ಕರುಗಳಿಗೂ ಅದೇ ಲಸಿಕೆ ಬಿದ್ದಿತ್ತು. ಅವು ಆರೋಗ್ಯವಾಗಿವೆ ಎಂದು ಮರುವಾರ ತಿಳಿಯಿತು. ಅಂದರೆ ಲಸಿಕೆ ಕಾಯಿಲೆ ತಂದಿರಲಿಲ್ಲ. ಕಾಯಿಲೆಯನ್ನು ತಡೆದೂ ಇರಲಿಲ್ಲ, ಅಷ್ಟೇ. ಜೀವ ಬಂದಂತಾಯಿತು. ಆದರೆ ಲಸಿಕೆಯೇ ಇಲ್ಲದ ಕರುಗಳು ಅದೇ ಕೆರೆಯಿಂದ ಹೇಗೆ ಪಾರಾದವು?

ಕೇಳಲು ಗುರವ್ವನ ಮನೆಗೆ ಹೋದೆ. ಕೆಂಚ ಗೊರ್ ಗೊರ್ ಎನ್ನುತ್ತ ಗೂಟಕ್ಕೆ ಮೂಗು ಉಜ್ಜುತ್ತಿತ್ತು. ಗುರವ್ವ ಬಾವಿಯಿಂದ ಕೊಡ ಹೊತ್ತು ತಂದು ಬೆಳ್ಯನ ಮುಂದಿನ ಕಲ್ಲಿನ ಬಾನಿಗೆ ಸುರಿದಳು. ಪಕ್ಕದ ಮನೆಯಲ್ಲೂ ಅಂಥದೇ ಬಾನಿ ಕಂಡಿತು.

"ಇದನ್ನ ಕೆರಿಗಿ ಬಿಡಂಗಿಲ್ಲೇನವ್ವಾ?"

"ಇಲ್ರೀ. ನೀವು ಹನಿ ಹಾಕಿ ಹೋದ ಮರುದಿನದಿಂದ ಬಿಟ್ಟಿಲ್ಲ. ಆರೂ ಮನಿಯಾಗ ಹಿಂಗ ಮಾಡೇವಿ."

"ಎಂದಿನಂಗ ಬಿಡ್ರಿ ಅಂದಿದ್ನಲ್ಲಾ!"

ಅವಳು ಕೊಡ ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡಳು. "ಕೆಂಚ್ಯಾಗ ನೀವದೀರಿ, ನಿಮ್ಮ ಔಷಧ ಐತಿ ಅಂತ ಧೈರ್ಯದಿಂದ ಬಿಟ್ಟೆ. ಬೆಳ್ಯಾಗ ಯಾರದಾರ್ರಿ? ಅದಕ್ಕ ನಾ ನಿಂತೆ."

ನಾನು ಬಾನಿಯ ಅಂಚಿನ ಮೇಲೆ ಕುಳಿತುಬಿಟ್ಟೆ. ಒಂದು ವರ್ಷದ ಕೆಲಸ ನೀರುಪಾಲಾಗಿತ್ತು. ನಗು ಬಂತು, ಅಳುವೂ ಬಂತು. ಜೋಡಿಗೆ ನಾನು ಮಾಡಿದ ಭೇದವನ್ನು ಆರು ಮನೆಯವರು ಕೊಡ ಹೊತ್ತು ಸರಿದೂಗಿಸಿದ್ದರು. ಮೇಲಧಿಕಾರಿಗಳು ಪ್ರಯೋಗ ಕೆಟ್ಟಿತು ಎಂದರು, ಅದು ಸರಿಯೇ. ಆದರೆ ಕೆರೆಗೆ ಇಳಿಯದೆ ಬಾವಿ ನೀರು ಕುಡಿದ ಕರುಗಳ ಮೂಗು ಸ್ವಚ್ಛವಾಗಿದೆ ಎಂಬುದನ್ನೂ ನಾನು ಒತ್ತಿ ಹೇಳಿದೆ. ಮುಂದಿನ ಬೇಸಿಗೆಗೆ ಬಾವಿಯ ಪಕ್ಕ ಉದ್ದನೆಯ ಕಲ್ಲಿನ ದೋಣಿ ಬಂತು. ದನ ಅಲ್ಲಿ ಕುಡಿದವು, ಕಾಯುವವರೂ ಕೆರೆಗೆ ಇಳಿಯುವುದು ಕಡಿಮೆಯಾಯಿತು. ಅವರ ಕಾಲಿನ ದದ್ದುಗಳು ಒಣಗಿದವು ಎಂದು ಬಸ್ತ್ಯಾಂವ್ ಮನೆಮನೆಗೆ ಹೋಗಿ ನೋಡಿ ಬಂದು ಹೇಳಿದ.

ಕೆಂಚನ ರಕ್ತನಾಳಕ್ಕೆ ನಾನೇ ವಾರಗಟ್ಟಲೆ ಆಂಟಿಮನಿ ಔಷಧ ಚುಚ್ಚಿದೆ. ಒಂದು ತೊಟ್ಟು ನಾಳದಿಂದ ಹೊರಗೆ ಬಿದ್ದರೂ ಕುತ್ತಿಗೆ ಕೊಳೆಯುವ ಔಷಧ ಅದು; ಅಷ್ಟು ಎಚ್ಚರದಿಂದ ನಾನು ಯಾವ ಕೆಲಸವನ್ನೂ ಮಾಡಿಲ್ಲ. ಪ್ರತಿ ಸಲವೂ ಗುರವ್ವ ಅದರ ತಲೆ ಹಿಡಿದು ನಿಲ್ಲುತ್ತಿದ್ದಳು, ಬೆಳ್ಯನನ್ನೂ ಪಕ್ಕದಲ್ಲೇ ಕಟ್ಟಿರುತ್ತಿದ್ದಳು. ಗೊರಕೆ ಮೆಲ್ಲಗೆ ಇಳಿಯಿತು. ಮರುವರ್ಷ ಎರಡೂ ನೊಗಕ್ಕೆ ಬಂದವು. ಮೊದಲ ಮಳೆಯ ಮಂಜಿನಲ್ಲಿ ಅವು ಗದ್ದೆಯ ಆ ತುದಿಗೆ ಹೋಗಿ ಮರೆಯಾಗಿ ಮತ್ತೆ ಈ ಕಡೆ ಬರುವುದನ್ನು ನೋಡುತ್ತ ದಂಡೆಯ ಮೇಲೆ ನಿಂತಿದ್ದೆ. ಕೆಂಚನ ಉಸಿರಿನಲ್ಲಿ ಸಣ್ಣದೊಂದು ಸದ್ದು ಉಳಿದಿತ್ತು. ಹೆಜ್ಜೆ ಮಾತ್ರ ಸಮ.

ಆ ಲಸಿಕೆ ನನ್ನ ಕೈಯಲ್ಲಿ ಆಗಲಿಲ್ಲ. ಮುಂದೆ ಎಷ್ಟೋ ಪ್ರಯೋಗಗಳಲ್ಲಿ ಪ್ರಾಣಿಗಳನ್ನು ಎರಡು ಗುಂಪು ಮಾಡಿದ್ದೇನೆ. ಹಾಗೆ ಮಾಡದೆ ವಿಜ್ಞಾನ ನಡೆಯುವುದಿಲ್ಲ. ಆದರೆ ಔಷಧವಿಲ್ಲದ ಗುಂಪಿನ ಮುಂದೆ ನಿಂತಾಗಲೆಲ್ಲ, ಇವಕ್ಕೆ ಯಾರಿದ್ದಾರೆ ಎಂದು ಮೊದಲು ಕೇಳಿಕೊಂಡಿದ್ದೇನೆ. ಯಾರೂ ಇಲ್ಲ ಎಂದಾದರೆ, ಪ್ರಯೋಗ ಮುಗಿದ ಕೂಡಲೇ ನೀರಿನ ಕೊಡ ನಾನೇ ಎತ್ತಿದ್ದೇನೆ.