ನನಗ ಸಹಿ, ಅವಗ ಪತ್ರ

ಹೊಟ್ಟಿಕಿಚ್ಚು ಅಂದ್ರ ಏನಂತ ನನ್ನ ಕೇಳ್ರಿ. ಜಮಖಂಡ್ಯಾಗ ಮೂವತ್ತು ವರ್ಷ ಚಿತ್ರಕಲಾ ಮಾಸ್ತರಕಿ ಮಾಡಿದಾಂವ ನಾನು. ಹಿಂದೂಸ್ತಾನಿ ಹಾಡುಗಾರರ ಸಹಿ ಇರೋ ಫೋಟೋ ಕೂಡಿಸೋ ಹುಚ್ಚು ನನಗ. ಹಾಡು ಮುಗಿದ ಮ್ಯಾಲೆ ಸ್ಟೇಜಿನ ಹಿಂದಿನ ಬಾಗಲಾಗ ತಾಸುಗಟ್ಟಲೆ ನಿಂತೇನಿ. ಪುಣೆ, ಧಾರವಾಡಕ್ಕ ಫೋಟೋ ಕಳಿಸಿ, ತಿರುಗಿ ಬರಾಕ ಸ್ಟ್ಯಾಂಪ್ ಹಚ್ಚಿದ ಲಕೋಟಿನೂ ಒಳಗ ಇಟ್ಟೇನಿ. ಹಿಂಗ ನಲವತ್ತು ಫೋಟೋ ಕೂಡ್ಯಾವ. ಆದ್ರ ಪತ್ರ? ಒಂದೂ ಇಲ್ಲ. ನಾ ದೇವರಂಗ ನಂಬಿದ ಒಬ್ಬ ಹಿರಿಯ ಗಾಯಕಿಗೆ ಹನ್ನೊಂದು ಪತ್ರ ಬರದೆ. ಬಂದಿದ್ದು ಮೂರು ಫೋಟೋ, ಮೂರರ ಮ್ಯಾಲೂ ಬರೇ ಸಹಿ. ‘ಆಶೀರ್ವಾದ’ ಅಂತ ಒಂದು ಶಬ್ದ ಬರದಿದ್ರ ಪೆನ್ನಿನ ಮಸಿ ಖಾಲಿ ಆಗತಿತ್ತೇನು?

ಬನಹಟ್ಟ್ಯಾಗ ನನಗೊಬ್ಬ ಗೆಳೆಯ ಅದಾನ. ನೇಕಾರ, ನನಗಿಂತ ಹತ್ತು ವರ್ಷ ಸಣ್ಣಾಂವ. ಹಾಡು ಕೇಳಾಕ ಇಬ್ಬರೂ ಕೂಡೇ ಹೋಗವ್ರು. ಯಾರ ಸಹಿನೂ ಬೇಡಿದಾಂವ ಅಲ್ಲ ಅವ. ಒಮ್ಮೆ ಸ್ವಂತ ಕೈಮಗ್ಗದಾಗ ನೇಯ್ದ ಕೆಂಪು ಸೀರಿನ ಅದೇ ಗಾಯಕಿಗೆ ಕಳಿಸಿದ, ನನಗ ಒಂದು ಮಾತೂ ಹೇಳದನ. ತಿಂಗಳಾಗೂದ್ರಾಗ ಪತ್ರ ಬಂತು! ಮರಾಠ್ಯಾಗ, ಸ್ವಂತ ಕೈಲೆ ಬರದದ್ದು, ಪುಟ ತುಂಬ. ನಾ ತಿಪ್ಪರಲಾಗ ಹಾಕಿದ್ರೂ ಸಿಗದ ಪತ್ರ. ಅವ ಅದಕ್ಕ ಫ್ರೇಮ್ ಹಾಕಿಸಿ ಮಗ್ಗದ ಎದರಿನ ಗ್ವಾಡಿಗೆ ತೂಗುಹಾಕಿದ. ಅದನ್ನ ನೋಡಾಕ ನಾನೂ ಬನಹಟ್ಟಿಗೆ ಹ್ವಾದೆ.

ಹತ್ರ ಹೋಗಿ ಓದಿದೆ. ನನಗ ಮರಾಠಿ ಛಲೋ ಬರ್ತೈತಿ. ಎರಡು ಸಾಲಿಗೇ ನಗಿ ತಡ್ಯಾಕ ಆಗಲಿಲ್ಲ. “ನಿಮ್ಮ ಸೀರಿ ಬಣ್ಣ ಬಿಟ್ಟಿತು. ನನ್ನ ಬಿಳಿ ಕುಪ್ಪಸ ಕೆಟ್ಟುಹೋತು.” ಅಯ್ಯ, ಇದು ಬೈಗಳ! ಬನಹಟ್ಟ್ಯಾಗ ನೇಕಾರಗ ‘ನಿನ್ನ ಸೀರಿ ಬಣ್ಣ ಬಿಡ್ತು’ ಅಂದ್ರ ಮಾನ ಕಳದಂಗ. ಗೆಳೆಯಗ ಮರಾಠಿ ಬರೂದಿಲ್ಲ; ತನಗ ಓದಾಕ ಬರದ ಬೈಗಳಕ್ಕ ಫ್ರೇಮ್ ಹಾಕಿಸ್ಯಾನಲ್ಲಪಾ ಅಂತ ಹೊಟ್ಟಿ ತಂಪಾತು. ಮುಂದ ಓದಲಿಲ್ಲ. ಅವಗ ಹೇಳಲೂ ಇಲ್ಲ. ಹೇಳಿದ್ರ ಇಳಿಸಿಬಿಡ್ತಾನ, ನನ್ನ ಮಜಾ ಹೋಗ್ತೈತಿ.

ಖರೆ ಹೇಳ್ತೇನಿ, ಆ ತಂಪು ಬಾಳ ದಿನ ಉಳೀಲಿಲ್ಲ. ಬೈಗಳಾದ್ರೇನು, ಪುಟ ತುಂಬ ಐತೆಲ್ಲ! ನನಗ ಬೈಯಾಕೂ ಅವರಿಗೆ ಪುರಸೊತ್ತು ಆಗಲಿಲ್ಲ.

ಹ್ವಾದ ವರ್ಷ ರಬಕವ್ಯಾಗ ಹಾಡಿನ ಹುಚ್ಚಿನ ಮಂದಿ ಕೂಡಿ ನನ್ನ ಫೋಟೋ ಪ್ರದರ್ಶನಕ್ಕ ಇಟ್ರು. ಅದರ ಜೋಡಿ ಗೆಳೆಯನ ಪತ್ರನೂ ತರಸಿದ್ರು. ನಲವತ್ತು ಫೋಟೋ ಬಿಟ್ಟು ಎಲ್ಲಾರೂ ಆ ಒಂದು ಪತ್ರದ ಮುಂದನ ಗುಂಪಾದ್ರು. “ಓದಿ ಹೇಳ್ರಿ ಮಾಸ್ತರ,” ಅಂದ್ರು ಯಾರೋ. ಗೆಳೆಯ ಬಾಜೂಕ ನಿಂತಿದ್ದ. ಏನೋ ಒಂದು ಛಲೋ ಮಾತು ಹೇಳಿ ಅವನ ಮಾನ ಉಳಿಸಬಹುದಿತ್ತು. ಉಳಿಸಲಿಲ್ಲ. ದನಿ ಎತ್ತಿ, ಬಣ್ಣ ಬಿಟ್ಟಿದ್ದು, ಕುಪ್ಪಸ ಕೆಟ್ಟಿದ್ದು ಎಲ್ಲಾ ಕನ್ನಡದಾಗ ಹೇಳಿದೆ. ಅಲ್ಲಿದ್ದ ನೇಕಾರರು ಒಬ್ಬರ ಮಾರಿ ಒಬ್ಬರು ನೋಡಿದ್ರು. ಇಷ್ಟ ಸಾಕಂತ ನಿಲ್ಲಿಸಿದೆ.

“ಮುಂದ ಓದ್ರಿ,” ಅಂದ ಗೆಳೆಯ.

ಮುಂದ ಹಿಂಗಿತ್ತು: “ಉಟ್ಟಕೊಂಡು ಮೂರು ತಾಸು ಹಾಡಿದೆ. ಬೆವರಿಗೆ ನಿಮ್ಮ ಕೆಂಪು ನನ್ನ ಭುಜಕ್ಕ, ಕೊರಳಿಗೆ ಹತ್ತಿತು. ಎರಡು ದಿನ ತೊಳದ್ರೂ ಹೋಗಲಿಲ್ಲ. ಮುಂದಿನ ಸೀರಿ ಪಕ್ಕಾ ಬಣ್ಣದ್ದು ಕಳಿಸ್ರಿ, ಉಡ್ತೇನಿ.”

ಓದೂದ್ರಾಗ ನನ್ನ ದನಿ ಸಣ್ಣದಾತು. “ನಿನಗ ಇದು ಗೊತ್ತಿತ್ತೇನೋ?” ಅಂತ ಕೇಳಿದೆ.

“ಬಂದ ದಿನಾನ ಮರಾಠಿ ಬರೋ ಪೋಸ್ಟಮನ್ ಓದಿ ಹೇಳಿದ್ನಲ್ರಿ. ಬಣ್ಣ ಬಿಟ್ಟಿದ್ದು ಖರೆ ಐತ್ರಿ ಮಾಸ್ತರ. ಆದ್ರ ಯಾರ ಮೈಮ್ಯಾಲೆ ಬಿಡ್ತು ನೋಡ್ರಿ!”

ನನ್ನ ಫೋಟೋ ನನ್ನ ಬೆನ್ನ ಹಿಂದ ಇದ್ದುವು. ಮಂದಿ ಜೋಡಿ ನಾನೂ ಆ ಪತ್ರ ನೋಡ್ಕೋತ ನಿಂತೆ.