ಹಕೀಮನ ಜ್ವರ

ನನ್ನ ಮಾವ ಪೋಕರ್ ಬ್ಯಾರಿಯವರಿಗೆ ನಾಲ್ಕು ದಿನ ವಿಶ್ರಾಂತಿ ಕೊಡಿಸುತ್ತೇನೆಂದು ಹೊರಟದ್ದೇ ನನ್ನ ತಪ್ಪು. ಕೈಕಾಲು ಸುಮ್ಮನಿರದ ಮನುಷ್ಯನಿಗೆ ವಿಶ್ರಾಂತಿ ಕೊಟ್ಟರೆ ಉಪದ್ರ ಉಳಿದವರಿಗೆ.

ತೆಂಗಿನ ಸೋಗೆ, ನಮ್ಮ ಮಾತಿನಲ್ಲಿ ಮಡಲು, ಹೆಣೆದು ಮನೆಯ ಮಾಡು ಹೊದೆಸುವುದರಲ್ಲಿ ಸವಣೂರಿನ ಸುತ್ತಮುತ್ತ ಅವರದು ಎತ್ತಿದ ಕೈ. ನಲವತ್ತು ವರ್ಷ ಗುಡಿಸಲು, ಕೊಟ್ಟಿಗೆ, ಮದುವೆ ಚಪ್ಪರ ಎಂದು ಕರೆದಲ್ಲಿಗೆಲ್ಲ ಹೋದರು. ಆಮೇಲೆ ಎಲ್ಲರ ಮನೆಗೂ ತಾರಸಿ ಬಂತು, ಮದುವೆಗೆ ಹಾಲ್ ಬಂತು. ಹತ್ತು ವರ್ಷದಿಂದ ಅವರನ್ನು ಒಬ್ಬರೂ ಕರೆದಿಲ್ಲ. ಆದರೂ ದಿನಾ ಕತ್ತಿ ಮಸೆದು ಜಗಲಿಯಲ್ಲಿ ಕೂರುತ್ತಾರೆ.

ನಾನು, ಜಾಸಿರ್, ಮಾಲ್ಡೀವ್ಸಿನ ಒಂದು ಪುಟ್ಟ ದ್ವೀಪದ ಹೋಟೆಲಿನಲ್ಲಿ ರಿಸೆಪ್ಶನ್ ನೋಡಿಕೊಳ್ಳುವವ. ಪರಿಸರಸ್ನೇಹಿ ಹೋಟೆಲು ಮಾರಾಯ್ರೆ! ಕಡಲಿಗೆ ಹತ್ತು ಹೆಜ್ಜೆ, ಬಿದಿರಿನ ಟೂತ್‌ಬ್ರಷ್, ತೆಂಗಿನ ಗೆರಟೆಯಲ್ಲಿ ಸೋಪು. ಜನ ಕಡಿಮೆಯಿರುವ ತಿಂಗಳಲ್ಲಿ ಕೆಲಸದವರ ಮನೆಯವರು ಬಿಟ್ಟಿಯಾಗಿ ತಂಗಬಹುದು. ಉಮ್ರಾ ಯಾತ್ರೆಗೆಂದು ಮಾಡಿಸಿದ ಪಾಸ್‌ಪೋರ್ಟ್ ಹೇಗೂ ಇತ್ತು. ಮಾವ, ಅತ್ತೆ ನೆಬೀಸ, ಇಬ್ಬರನ್ನೂ ಕರೆಸಿದೆ.

ದೋಣಿ ಇಳಿದ ಕೂಡಲೇ ಅತ್ತೆ ಉಪ್ಪಿನಕಾಯಿ ಸುತ್ತಿ ತಂದಿದ್ದ ಪ್ಲಾಸ್ಟಿಕ್ ತೊಟ್ಟೆಯನ್ನು ಕಾವಲುಗಾರ ನಯವಾಗಿ ಕಿತ್ತುಕೊಂಡ. ದ್ವೀಪದಲ್ಲಿ ಪ್ಲಾಸ್ಟಿಕ್ ನಿಷಿದ್ಧ. ಅತ್ತೆ ಅವನಿಗೆ ಅರ್ಥವಾಗದ ಭಾಷೆಯಲ್ಲಿ ಬೈಯುತ್ತಿರುವಾಗ ಮಾವ ಸಾಲು ಗುಡಿಸಲುಗಳ ಎದುರು ನಿಂತುಬಿಟ್ಟಿದ್ದರು.

"ಅಲ್ಲಾಹ್! ಮಡಲಿನ ಮಾಡು! ಇನ್ನೂ ಉಂಟಲ್ಲ ಮೋನೆ ಪ್ರಪಂಚದಲ್ಲಿ!" ನನ್ನನ್ನು ಮಗನೇ ಎಂದು ಕರೆಯುವಾಗ ಅವರ ಕಣ್ಣು ಒದ್ದೆಯಾಗಿತ್ತು. "ಹೊದೆಸಿದವ ಯಾರು? ಅವನನ್ನು ಒಮ್ಮೆ ನೋಡ್ಬೇಕು. ನನಗೆ ಬೇರೆ ಎಂತದೂ ಬೇಡ."

ಅದು ಮಡಲೇ ಅಲ್ಲ, ಕಂಟೈನರಿನಲ್ಲಿ ಬಂದಿಳಿದ ಪ್ಲಾಸ್ಟಿಕ್ ಎಂದು ನನಗೆ ಗೊತ್ತಿತ್ತು. ಆ ಕಣ್ಣು ನೋಡಿ ಹೇಳಲು ಬಾಯಿ ಬರಲಿಲ್ಲ. "ಹಕೀಮ್ ಅಂತ ಒಬ್ಬ," ಎಂದುಬಿಟ್ಟೆ. "ಈಗ ಜ್ವರ ಬಂದು ಮಲಗಿದ್ದಾನೆ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಕಾಯಿಲೆ ಬಿದ್ದವನನ್ನು ನೋಡಲು ಹೋಗದಿದ್ದರೆ ನಮ್ಮಲ್ಲಿ ಆಗುತ್ತದೆಯೇ? ಮರುದಿನ ಬೆಳಿಗ್ಗೆಯೇ ಅತ್ತೆ ಹೋಟೆಲಿನ ಅಡುಗೆಮನೆಗೆ ನುಗ್ಗಿ ಗಂಜಿ ಬೇಯಿಸಿದರು. ಗಂಡಹೆಂಡತಿ ಕೆಲಸದವರ ಕೋಣೆಗಳ ಬಾಗಿಲು ಬಡಿಯತೊಡಗಿದರು. ಅಂಟುವ ಜ್ವರ, ಯಾರನ್ನೂ ಒಳಗೆ ಬಿಡುವುದಿಲ್ಲ ಎಂದು ಓಡಿಹೋಗಿ ತಡೆದೆ. ನಾನೇ ಕೊಟ್ಟು ಬರುತ್ತೇನೆಂದು ಗಂಜಿ ಒಯ್ದು, ಗೋಡೆಯ ಮರೆಯಲ್ಲಿ ನಿಂತು ನಾನೇ ಕುಡಿದೆ. ಸಂಜೆಗೆ ಮತ್ತೊಂದು ಪಾತ್ರೆ ಬಂತು. ಅದನ್ನೂ ಕುಡಿದೆ.

ಮಾವ ಕಡಲಿನ ಕಡೆ ತಿರುಗಿಯೂ ನೋಡಲಿಲ್ಲ. ತಮಗೆ ಕೊಟ್ಟ ಗುಡಿಸಲಿನ ಮಂಚದಲ್ಲಿ ಅಂಗಾತ ಮಲಗಿ ಮಾಡನ್ನೇ ನೋಡುತ್ತಿದ್ದರು.

"ಒಂದು ಇರುವೆ ಇಲ್ಲ, ಒಂದು ಹಲ್ಲಿ ಇಲ್ಲ. ಒಂದು ಗರಿ ಉದ್ದ ಗಿಡ್ಡ ಇಲ್ಲ. ಎಂತ ಕೈ ಮಾರಾಯ ಹಕೀಮನದ್ದು! ನನಗೂ ಹೀಗೆ ಬರ್ಲಿಲ್ಲ."

ಹಾಳಾದ ನನ್ನ ಬಾಯಿ! ಇಲ್ಲದ ಹಕೀಮನ ಎದುರು ಮಾವ ಸೋಲೊಪ್ಪಿಕೊಂಡದ್ದು ಕೇಳಿ ನನಗೆ ಅಳು ಬಂದಂತಾಯಿತು. ಆದರೂ ನಿಜ ಹೇಳಲಿಲ್ಲ.

ಮೂರನೆಯ ದಿನ ಅವರು ರಿಸೆಪ್ಶನಿಗೆ ಬಂದರು. ಕೈಯಲ್ಲಿ ಒಂದು ಹಿಡಿ ಪ್ಲಾಸ್ಟಿಕ್ ಗರಿ. ಕುರ್ಚಿ ಹತ್ತಿ ಮಾಡಿನಿಂದ ಕಿತ್ತದ್ದು. ಮೇಜಿನ ಮೇಲಿಟ್ಟು ಬೆರಳಿನಿಂದ ತಿಕ್ಕಿ ತೋರಿಸಿದರು.

"ಹಕೀಮನಿಗೆ ಜ್ವರ ಬಿಟ್ಟಿತಾ ಮೋನೆ?"

ಹಿಂದೆ ಬಂದಿದ್ದ ಅತ್ತೆ ಒಂದು ಗರಿ ಎತ್ತಿ ನೋಡಿ ಸಿಡಿದರು.

"ನನ್ನ ತೊಟ್ಟೆ ಕಿತ್ತುಕೊಂಡು ಇವರು ಮಾಡಿಗೆ ಹಾಕಿದ್ದಾ!"

ಮಾವ ನಗಲಿಲ್ಲ. ಬೈದಿದ್ದರೂ ನನಗೆ ಸಮಾಧಾನವಾಗುತ್ತಿತ್ತು. ಸೀದಾ ಕಡಲ ಬದಿಗೆ ಹೋಗಿ, ಬಿದ್ದಿದ್ದ ಒಂದು ಹಸಿ ಮಡಲನ್ನು ಎಳೆದು ತಂದರು. ಅಡುಗೆಮನೆಯ ಕತ್ತಿಯಿಂದ ನಡುವೆ ಸೀಳಿ, ಮರಳಲ್ಲಿ ಕುಕ್ಕರಗಾಲಲ್ಲಿ ಕೂತು ಹೆಣೆದರು. ಬೆರಳಿಗೆ ಎಂತ ವೇಗ! ಕಿತ್ತ ಜಾಗಕ್ಕೆ ಅದನ್ನು ತೂರಿಸಿ ಬಿಗಿಯಾಗಿ ಕಟ್ಟಿದರು. ಕಂದು ಮಾಡಿನ ನಡುವೆ ಒಂದೇ ಒಂದು ಹಸಿರು ತುಂಡು.

ಮ್ಯಾನೇಜರನ ಹೆದರಿಕೆಯಲ್ಲಿ ಕುರ್ಚಿ ಹಿಡಿದು ನಿಂತಿದ್ದ ನಾನು, "ಮಾವ, ಇದು ಎರಡು ಮಳೆಗಾಲದಲ್ಲಿ ಕೊಳೆತು ಹೋಗ್ತದಲ್ಲ?" ಎಂದೆ.

ಮಾವ ಮೇಲಿನಿಂದಲೇ ನನ್ನನ್ನು ನೋಡಿದರು.

"ಕೊಳೀಲಿ. ಕೊಳೆತರೆ ಅಲ್ವಾ ನಮ್ಮನ್ನು ಕರೆಯುದು?"